ಡಾ. ಜಾನ್ ಸ್ನೋ: ಮರಣ ನೋಂದಣಿ ದಾಖಲೆಗಳಿಂದ ಕಾಲರಾ ಮೂಲದ ಪತ್ತೆ

ಜನನ ಮತ್ತು ಮರಣಗಳ ನೋಂದಣಿಯು ಕೇವಲ ಪ್ರಮಾಣಪತ್ರ ಪಡೆಯುವುದಕ್ಕೆ ಸೀಮಿತವಾದುದಲ್ಲ. ನೋಂದಣಿ ದಾಖಲೆಗಳು ಸಾರ್ವಜನಿಕ ಆರೋಗ್ಯ ರಕ್ಷಣೆಗೂ ಆಧಾರವಾಗುತ್ತವೆ ಎಂಬುದಕ್ಕೆ ಇಂಗ್ಲೆಂಡಿನ ವೈದ್ಯ ಡಾ. ಜಾನ್ ಸ್ನೋ ಅವರ ಜೀವನವು ನಿದರ್ಶನವಾಗಿದೆ.

ಆರಂಭಿಕ ಜೀವನ

ಜಾನ್ ಸ್ನೋ ಅವರು 1813ರ ಮಾರ್ಚ್ 15ರಂದು ಯಾರ್ಕ್ ನಗರದ ಕಾರ್ಮಿಕ ಕುಟುಂಬದಲ್ಲಿ ಜನಿಸಿದರು. 14ನೇ ವಯಸ್ಸಿನಲ್ಲಿ ನ್ಯೂಕ್ಯಾಸಲ್‌ನ ವೈದ್ಯರೊಬ್ಬರ ಬಳಿ ತರಬೇತಿಗೆ ಸೇರಿ, 1831-32ರ ಕಾಲರಾ ಪಿಡುಗಿನಲ್ಲಿ ಗಣಿ ಕಾರ್ಮಿಕರಿಗೆ ಶುಶ್ರೂಷೆ ನೀಡಿದರು. 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಎಂ.ಡಿ. ಪದವಿ ಪಡೆದರು. ಅರಿವಳಿಕೆ ತಜ್ಞರಾಗಿ ಹೆಸರಾದ ಅವರು 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಕ್ಲೋರೋಫಾರಂ ನೀಡಿದರು.

ದಾಖಲೆಗಳ ಅಧ್ಯಯನ

ಕಾಲರಾ ಕೆಟ್ಟ ಗಾಳಿಯಿಂದ ಹರಡುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು. ಕಲುಷಿತ ನೀರೇ ಕಾರಣವೆಂದು ಸ್ನೋ ಅವರು 1849ರಲ್ಲಿ ಪ್ರತಿಪಾದಿಸಿದರು. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಉಲ್ಬಣಿಸಿದಾಗ, ಮೃತಪಟ್ಟ 83 ಜನರ ವಿವರಗಳನ್ನು ನೋಂದಣಿ ಕಛೇರಿಯಿಂದ ಪಡೆದು ಮನೆ ಮನೆಗೆ ತೆರಳಿ ವಿಚಾರಿಸಿದರು. ಇವರಲ್ಲಿ 73 ಜನರ ಮನೆಗಳು ಬ್ರಾಡ್ ಸ್ಟ್ರೀಟ್ ಕೈಪಂಪಿಗೆ ಸಮೀಪದಲ್ಲಿದ್ದವು. 61 ಮಂದಿ ಅದರ ನೀರನ್ನೇ ಕುಡಿಯುತ್ತಿದ್ದುದು ತಿಳಿದುಬಂದಿತು. ಅವರ ಮನವಿಯ ಮೇರೆಗೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಯಲಾಯಿತು. ಅಷ್ಟರಲ್ಲಾಗಲೇ ರೋಗವು ಇಳಿಮುಖವಾಗಿತ್ತು.

ದಕ್ಷಿಣ ಲಂಡನ್ನಿಗೆ ಎರಡು ಕಂಪನಿಗಳು ನೀರು ಪೂರೈಸುತ್ತಿದ್ದವು. ಒಂದು ಕಂಪನಿ 1852ರಲ್ಲಿ ನೀರೆತ್ತುವ ಸ್ಥಳವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ ಸ್ಥಳಾಂತರಿಸಿತ್ತು. ಇನ್ನೊಂದು ಕಂಪನಿ ನಗರದ ಕೊಳಚೆ ಸೇರುವ ಭಾಗದಿಂದಲೇ ನೀರೆತ್ತುತ್ತಿತ್ತು. 1854ರ ಪಿಡುಗಿನ ಮೊದಲ ಏಳು ವಾರಗಳ ಮರಣಗಳ ಹೋಲಿಕೆ ಹೀಗಿದೆ:

- ನದಿಯ ಮೇಲ್ಭಾಗದ ನೀರು: ಪ್ರತಿ 10,000 ಮನೆಗಳಿಗೆ 37 ಮರಣ
- ಕೊಳಚೆ ಸೇರಿದ ನೀರು: ಪ್ರತಿ 10,000 ಮನೆಗಳಿಗೆ 315 ಮರಣ

ಬದಲಾದ ಅಭಿಪ್ರಾಯ

ಆರೋಗ್ಯ ಮಂಡಳಿಯು ಈ ನಿರ್ಣಯವನ್ನು ಒಪ್ಪಲಿಲ್ಲ. ಸ್ನೋ ಅವರು 1858ರ ಜೂನ್ 16ರಂದು, 45ನೇ ವಯಸ್ಸಿನಲ್ಲಿ ನಿಧನರಾದರು. ನೋಂದಣಿ ಕಛೇರಿಯ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರು ಮೊದಲು ಕೆಟ್ಟ ಗಾಳಿಯ ವಾದವನ್ನು ನಂಬಿದ್ದರೂ, 1866ರ ಪಿಡುಗಿನ ಮರಣ ವಿವರಗಳನ್ನು ಪರಿಶೀಲಿಸಿ ನೀರೇ ಕಾರಣವೆಂಬುದನ್ನು ಒಪ್ಪಿಕೊಂಡರು.

ನಾಗರಿಕರ ಗಮನಕ್ಕೆ

ಮೃತರ ವಾಸಸ್ಥಳ, ದಿನಾಂಕ ಹಾಗೂ ಮರಣದ ಕಾರಣ ದಾಖಲಾಗಿದ್ದರಿಂದಲೇ ಈ ಅಧ್ಯಯನ ಸಾಧ್ಯವಾಯಿತು. ಭಾರತದಲ್ಲಿ ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ ಅನ್ವಯ ನೋಂದಣಿ ಕಡ್ಡಾಯವಾಗಿದೆ. ಮರಣ ಸಂಭವಿಸಿದ 21 ದಿನಗಳೊಳಗೆ ಸರಿಯಾದ ವಿವರಗಳೊಂದಿಗೆ ನೋಂದಾಯಿಸಲು ಕೋರಲಾಗಿದೆ.