ಸಿವಿಲ್ ಓದಿ ಮೀನು ಹಿಡಿಯೋಕೆ ಹೋದ ಲೀ ವುಲ್ಫ್

ಸ್ಟ್ಯಾನ್‌ಫರ್ಡ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರು ಮುಂದೆ ಏನು ಮಾಡ್ತಾರೆ? ಸೇತುವೆ, ರಸ್ತೆ, ಅಣೆಕಟ್ಟು ಕಟ್ತಾರೆ ಅಂತ ನಾವೆಲ್ಲ ಹೇಳ್ತೀವಿ. 1926ರಲ್ಲಿ ಅಲ್ಲಿ ಡಿಗ್ರಿ ತಗೊಂಡ ಲೀ ವುಲ್ಫ್ ಮಾತ್ರ ಪ್ಯಾರಿಸ್‌ಗೆ ಹೋಗಿ ಚಿತ್ರಕಲೆ ಕಲಿತರು. ಆಮೇಲೆ ನ್ಯೂಯಾರ್ಕ್‌ಗೆ ಬಂದು ಜಾಹೀರಾತುಗಳಿಗೆ ಚಿತ್ರ ಬರೆದರು. ಕೊನೆಗೆ ಅದನ್ನೂ ಬಿಟ್ಟು ಮೀನು ಹಿಡಿಯೋದನ್ನೇ ಬದುಕು ಮಾಡಿಕೊಂಡರು. ನಮ್ಮ ಮನೆಗಳಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಏನಾಗುತ್ತೆ ಅಂತ ಹೇಳೋದೇ ಬೇಡ! ಆದ್ರೆ ಅವರ ಬಗ್ಗೆ ಓದ್ತಾ ಹೋದ ಹಾಗೆ, ಅವರು ಎಂಜಿನಿಯರಿಂಗ್ ಬಿಟ್ಟೇ ಇರಲಿಲ್ಲ ಅಂತ ನನಗೆ ಅನ್ನಿಸಿತು.

ಲೀ ವುಲ್ಫ್ ಹುಟ್ಟಿದ್ದು 1905ರ ಫೆಬ್ರವರಿ 10ರಂದು, ಅಲಾಸ್ಕಾದ ವಾಲ್ಡೀಸ್ ಎಂಬ ಸಣ್ಣ ಊರಲ್ಲಿ. ಚಿಕ್ಕಂದಿನಿಂದಲೇ ಮೀನಿನ ಹುಚ್ಚು. ಅವರು ಹೆಸರು ಮಾಡಿದ್ದು ಫ್ಲೈ ಫಿಶಿಂಗ್‌ನಲ್ಲಿ. ನಾವು ನೋಡಿರೋ ಗಾಳಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಎರೆಹುಳು ಇಲ್ಲ, ಸೀಸದ ಗುಂಡೂ ಇಲ್ಲ. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ನೊಣದ ಹಾಗೆ ಕಾಣೋ ಒಂದು 'ಫ್ಲೈ' ಮಾಡ್ತಾರೆ. ಅದಕ್ಕೆ ತೂಕವೇ ಇಲ್ಲದ್ದರಿಂದ ದೂರ ಎಸೆಯೋಕೆ ಆಗಲ್ಲ. ಹಾಗಾಗಿ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿರ್ತಾರೆ. ಕೋಲನ್ನು ಬೀಸಿದಾಗ ದಾರ ಸುರುಳಿ ಬಿಚ್ಚಿಕೊಳ್ತಾ ಮುಂದಕ್ಕೆ ಹೋಗಿ ಫ್ಲೈಯನ್ನು ನೀರಿನ ಮೇಲೆ ಇಡುತ್ತೆ. ಪೂರ್ತಿ ಮೆಕ್ಯಾನಿಕ್ಸ್!

ಆ ಕಾಲದಲ್ಲಿ ನೀರಿನ ಮೇಲೆ ತೇಲಬೇಕಾದ ಫ್ಲೈಗಳು ತೆಳ್ಳಗೆ, ನಾಜೂಕಾಗಿ ಇರ್ತಿದ್ದವು. ನೋಡೋಕೆ ಚೆನ್ನಾಗಿದ್ರೂ ರಭಸದ ಹೊಳೆಯಲ್ಲಿ ನೆನೆದು ಮುಳುಗಿಬಿಡ್ತಿದ್ದವು. 1930ರ ಹೊತ್ತಿಗೆ ವುಲ್ಫ್ ಅವರು ರೆಕ್ಕೆಗೂ ಬಾಲಕ್ಕೂ ಗರಿ ಬಿಟ್ಟು ಜಿಂಕೆ ಬಾಲದ ಕೂದಲು ಹಾಕಿ ನೋಡಿದರು. ದೇಹವನ್ನೂ ದಪ್ಪ ಮಾಡಿದರು. ಫ್ಲೈ ಚೆನ್ನಾಗಿ ತೇಲಿತು, ಮೀನು ಒಂದಾದ ಮೇಲೊಂದು ಕಚ್ಚಿದ್ರೂ ಹಾಳಾಗಲಿಲ್ಲ. ಇವತ್ತಿಗೂ ಜಗತ್ತಿನ ಎಷ್ಟೋ ಹೊಳೆಗಳಲ್ಲಿ 'ರಾಯಲ್ ವುಲ್ಫ್' ಬಳಕೆಯಲ್ಲಿದೆ. 1931ರಲ್ಲಿ ಒಂದು ತೋಳಿಲ್ಲದ ಅಂಗಿಗೆ ಸಾಲಾಗಿ ಜೇಬು ಹೊಲಿದುಕೊಂಡರು. ಸೊಂಟದವರೆಗೆ ನೀರಲ್ಲಿ ನಿಂತವನಿಗೆ ಸಾಮಾನು ಇಡೋಕೆ ಜಾಗ ಬೇಕಲ್ವಾ? ಇವತ್ತು ಎಲ್ಲರೂ ಹಾಕೋ ಫಿಶಿಂಗ್ ವೆಸ್ಟ್ ಶುರುವಾಗಿದ್ದು ಅಲ್ಲಿಂದ.

ಆದ್ರೆ ಇವೆಲ್ಲ ಮೀನನ್ನು ಇನ್ನೂ ಚೆನ್ನಾಗಿ ಹಿಡಿಯೋ ಉಪಾಯಗಳು. ಹಿಡಿಯೋರು ಹೆಚ್ಚಾದ ಹಾಗೆ ಮೀನು ಕಡಿಮೆ ಆಗ್ತಿತ್ತು. ಅವರ ತಲೆ ಕೆಡಿಸಿದ್ದು ಈ ಲೆಕ್ಕ. ಆಗ ಸತ್ತ ಮೀನುಗಳನ್ನು ಸಾಲಾಗಿ ನೇತುಹಾಕಿ ಫೋಟೋ ತೆಗೆಸಿಕೊಳ್ಳೋದೇ ಹೆಮ್ಮೆ. ಅಂಥ ಹೊತ್ತಲ್ಲಿ, 1939ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವುಲ್ಫ್ ಅವರು, ಒಳ್ಳೆ ಮೀನಿನ ಬೆಲೆ ಒಂದೇ ಸಲ ಹಿಡಿದು ಮುಗಿಸೋವಷ್ಟು ಕಡಿಮೆ ಅಲ್ಲ ಅನ್ನೋ ವಾದ ಮುಂದಿಟ್ಟರು. ಇವತ್ತು ನಾನು ಬಿಟ್ಟ ಮೀನು ನಾಳೆ ಇನ್ನೊಬ್ಬನಿಗೆ ಸಿಗುತ್ತೆ, ನಡುವೆ ಮೊಟ್ಟೆಯನ್ನೂ ಇಡುತ್ತೆ. ಕಾವೇರಿಯ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿದು ತೂಕ ನೋಡಿ ಮತ್ತೆ ನೀರಿಗೆ ಬಿಡ್ತಿದ್ದದ್ದೂ ಇದೇ ಪದ್ಧತಿ.

1947ರಲ್ಲಿ ಅವರು ವಿಮಾನ ಓಡಿಸೋಕೆ ಕಲಿತರು. ನೀರಿನ ಮೇಲೆ ಇಳಿಯೋ ಪುಟ್ಟ ಪೈಪರ್ ಕಬ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್‌ನ ದಾರಿಯೇ ಇಲ್ಲದ ಸಾಲ್ಮನ್ ನದಿಗಳಿಗೆ ಹೋದರು. ಅಲ್ಲಿ ಶಿಬಿರ ನಡೆಸಿದರು, ಸಿನಿಮಾ ತೆಗೆದರು. ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಯಾರೂ ಮುಟ್ಟದ ನದಿಗೆ ಜನರನ್ನು ಕರ್ಕೊಂಡು ಹೋದವರಲ್ಲಿ ಅವರೂ ಒಬ್ಬರು. ಹಾಗಾಗಿಯೇ ಮೀನನ್ನು ಬಿಡಿ ಅಂತ ಹೇಳೋ ಹೊಣೆ ಅವರ ಮೇಲೆ ಹೆಚ್ಚಿತ್ತು ಅಂತ ನನ್ನ ಅನಿಸಿಕೆ. ಆ ಹೊಣೆಯಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ಅಟ್ಲಾಂಟಿಕ್ ಸಾಲ್ಮನ್ ಉಳಿಸಿ ಅಂತ ದಶಕಗಳ ಕಾಲ ಬರೀತಾನೇ, ಮಾತಾಡ್ತಾನೇ ಇದ್ದರು.

ಅವರು ಹೊಳೆಗೆ ಮಾತ್ರ ಅಂಟಿಕೊಳ್ಳಲಿಲ್ಲ. 1967ರಲ್ಲಿ ಎಕ್ವಡಾರ್‌ನ ಸಮುದ್ರದಲ್ಲಿ 148 ಪೌಂಡ್, ಅಂದ್ರೆ ಸುಮಾರು 67 ಕೆಜಿ ತೂಕದ ಮಾರ್ಲಿನ್ ಮೀನನ್ನು ಫ್ಲೈ ಹಾಕಿ ಹಿಡಿದರು. ಆಗ ಅವರಿಗೆ 62 ವರ್ಷ. 1979ರಲ್ಲಿ, ಫ್ಲೈ ಎಸೆಯೋದರಲ್ಲಿ ಚಾಂಪಿಯನ್ ಆಗಿದ್ದ ಹೆಂಡತಿ ಜೋನ್ ವುಲ್ಫ್ ಜೊತೆ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಶಾಲೆ ತೆರೆದರು. ವಯಸ್ಸಾದ ಮೇಲೂ ಡಿಸೈನ್ ನಿಲ್ಲಿಸಲಿಲ್ಲ. ದಾರದ ಮುಂಭಾಗ ತುದಿಯವರೆಗೂ ಒಂದೇ ಸಮನೆ ಸಣ್ಣಗಾಗ್ತಾ ಹೋದ್ರೆ, ಹಿಂದಿನ ಭಾರದ ಭಾಗ ಮುಂದಿನ ಹಗುರ ಭಾಗವನ್ನು ಸಲೀಸಾಗಿ ತಿರುಗಿಸುತ್ತೆ ಅಂತ ಯೋಚಿಸಿ 'ಟ್ರಯಾಂಗಲ್ ಟೇಪರ್' ದಾರ ತಂದರು.

1991ರ ಏಪ್ರಿಲ್ 28ರಂದು, 86ನೇ ವಯಸ್ಸಲ್ಲಿ, ಪೈಲಟ್ ಲೈಸೆನ್ಸ್ ನವೀಕರಣಕ್ಕಾಗಿ ಪರೀಕ್ಷೆಯ ಹಾರಾಟ ಮಾಡ್ತಿದ್ದಾಗ ವಿಮಾನ ಬಿದ್ದು ತೀರಿಕೊಂಡರು. ಅದರ ಮರುವರ್ಷವೇ, 1992ರಲ್ಲಿ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸುತ್ತ ಸಾಲ್ಮನ್ ಮೀನಿನ ವಾಣಿಜ್ಯ ಬೇಟೆಗೆ ಕೆನಡಾ ತಡೆ ಹಾಕಿತು. ಅದನ್ನು ನೋಡೋಕೆ ಅವರು ಇರಲಿಲ್ಲ.

ನಮ್ಮಲ್ಲಿ ತುಂಬಾ ಜನಕ್ಕೆ ಓದ್ತಿರೋ ಬ್ರಾಂಚ್‌ಗೂ ಮನಸ್ಸಿಗೂ ತಾಳೆ ಆಗ್ತಿಲ್ಲ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹುಡುಕಿದ್ರೆ ವುಲ್ಫ್ ಹೆಸರು ಎಲ್ಲೂ ಸಿಗ್ತಿರಲಿಲ್ಲ. ಆದ್ರೆ ಮುಳುಗೋ ಫ್ಲೈ, ಜೇಬಿಲ್ಲದ ಅಂಗಿ, ಖಾಲಿಯಾಗ್ತಿರೋ ನದಿ, ಹೀಗೆ ಕಣ್ಣೆದುರು ಕೆಟ್ಟಿದ್ದನ್ನೆಲ್ಲ ಸರಿಮಾಡೋಕೆ ಕೂತ ಮನುಷ್ಯ ಅವರು. ಎಂಜಿನಿಯರ್ ಅಂದ್ರೆ ಅದೇ ತಾನೇ?