ಕುಂದಗೋಳದ ಗಂಧರ್ವನ ಉಸಿರು

ನಮ್ಮ ಕಡೆ ಹಳಬರು ಇಂದಿಗೂ ಒಂದೂಕಾಲಿಗೆ ಸವ್ವಾ ಅನ್ನುತ್ತಾರೆ. ಸವಾಯಿ ಗಂಧರ್ವ ಎಂಬ ಬಿರುದಿನೊಳಗೆ ಇರುವುದೂ ಅದೇ ಲೆಕ್ಕ. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು! ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಮೆರೆಯುತ್ತಿದ್ದ ಕಾಲದಲ್ಲಿ ಇಂಥ ಬಿರುದು ಸಿಗುವುದು ಸಣ್ಣ ಮಾತೇ? ಅದನ್ನು ಪಡೆದವರು ನಮ್ಮ ಕುಂದಗೋಳದ ಒಬ್ಬ ಕಾರಕೂನರ ಮಗ.

ನಾನು ಸಂಗೀತ ಕಲಿತವಳಲ್ಲ. ನನ್ನನ್ನು ಅವರ ಹತ್ತಿರ ಕರೆದೊಯ್ದದ್ದು ಯೋಗ. ಮೆಣಸಿನಕಾಯಿ ಒಣಗಿಸುವ ದಿನಗಳಲ್ಲಿ ನಮ್ಮೂರ ಓಣಿಯಲ್ಲಿ ಓಡಾಡಿದವರಿಗೆ ಆ ಘಾಟು ಗೊತ್ತು. ಚಿಕ್ಕಂದಿನಿಂದ ಉಬ್ಬಸವಿರುವ ನನಗೆ ಆ ದಿನಗಳೆಂದರೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂರುವ ದಿನಗಳು. ಡಾಕ್ಟರ ಔಷಧಿಯ ಜೊತೆಗೆ ಪ್ರಾಣಾಯಾಮ ಶುರುವಾಯಿತು. ಎಣಿಸುತ್ತ ಉಸಿರು ಬಿಡಬೇಕು, ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಎಣಿಕೆ ಐದಕ್ಕೆ ಬರುವಷ್ಟರಲ್ಲಿ ಎದೆಯಲ್ಲಿ ಗಾಬರಿ. ಒಂದು ನಸುಕಿನಲ್ಲಿ ಅಣ್ಣನ ಮೊಬೈಲಿನಿಂದ ಸವಾಯಿ ಗಂಧರ್ವರ ಹಳೆಯ ಭೈರವಿ ಕೇಳಿಬಂತು. ಗ್ರಾಮಫೋನ್ ತಟ್ಟೆಯ ಕಾಲದ್ದು, ಮೂರು ನಿಮಿಷದಷ್ಟೇ. ಅವರ ಸ್ವರ ಇಳಿಯುವ ತನಕ ನಾನೂ ಉಸಿರು ಇಳಿಸುತ್ತ ಹೋದೆ. ಎಣಿಕೆ ಮರೆತೇ ಹೋಯಿತು. ಅಂದಿನಿಂದ ಈ ಮನುಷ್ಯ ಯಾರು ಎಂದು ಹುಡುಕತೊಡಗಿದೆ.

ಹೆಸರು ರಾಮಚಂದ್ರ, ಎಲ್ಲರ ಬಾಯಲ್ಲಿ ರಾಮಭಾವು. ಹುಟ್ಟಿದ್ದು 1886ರ ಜನವರಿ 19ರಂದು, ಹುಬ್ಬಳ್ಳಿ-ಧಾರವಾಡದ ನಡುವಿನ ಅಮರಗೋಳದಲ್ಲಿ. ಮನೆತನದ ಹೆಸರು ಸಂಶಿ. ತಂದೆ ಗಣೇಶರಾಯರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ದರ್ಬಾರಿಗೆ ಹೋಗಿಬರುವಾಗ ಈ ವಾಡೆಯಲ್ಲಿ ತಂಗುತ್ತಿದ್ದರು. ಅವರ ಹಾಡು ಕೇಳಿ ಹುಚ್ಚಾದ ಹುಡುಗನಿಗೆ ಶಾಲೆ ರುಚಿಸಲಿಲ್ಲ.

ಆದರೆ ಖಾನರ ಶಿಷ್ಯನಾಗುವ ಹೊತ್ತಿಗೆ ಅವನ ಗಂಟಲು ಅವನದಾಗಿ ಉಳಿದಿರಲಿಲ್ಲ. ಪ್ರಾಯ ಬಂದಂತೆ ಬಾಲ್ಯದ ಇಂಪು ಒಡೆದು ದನಿ ಗಡಸಾಗಿತ್ತು. ಅವರ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ ಭಾಗ. ಬಿರುದಿನ ಕತೆಯನ್ನು ಎಲ್ಲರೂ ಹೇಳುತ್ತಾರೆ, ಈ ಒಡೆದ ಗಂಟಲಿನ ವರ್ಷಗಳ ಬಗ್ಗೆ ಮಾತು ಕಡಿಮೆ. ಕಿರಾನಾ ದಾರಿಯಲ್ಲಿ ಅವಸರಕ್ಕೆ ಜಾಗವಿಲ್ಲ. ಒಂದು ಸ್ವರದ ಮೇಲೆ ನಿಲ್ಲಬೇಕು, ಅಲುಗಬಾರದು, ಆಮೇಲೆ ಮುಂದಿನದು. ನಸುಕಿನಲ್ಲಿ ಮಂದ್ರದ ಷಡ್ಜ ಹಿಡಿದು ಉಸಿರು ಮುಗಿಯುವ ತನಕ ಬಿಡದಿರುವ ಖರ್ಜ ಸಾಧನೆ ಹಿಂದುಸ್ತಾನಿ ಗಾಯಕರಿಗೆ ಗೊತ್ತಿದ್ದದ್ದೇ. ಚಾಪೆಯ ಮೇಲೆ ಕುಳಿತು ನಾವು ಮಾಡುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ ಅನ್ನಿಸುತ್ತದೆ. ಎರಡರಲ್ಲೂ ಉಸಿರನ್ನು ಒಮ್ಮೆಲೇ ಸುರಿದುಬಿಡುವಂತಿಲ್ಲ, ಎಳೆ ಎಳೆಯಾಗಿ ಬಿಡಬೇಕು. ಹೀಗೆ ತಿದ್ದಿ ತಿದ್ದಿಯೇ ರಾಮಭಾವು ಮುಂದೆ ಹಾಡಿದರು. ಅವರ ದನಿ ಕೊನೆಯವರೆಗೂ ಬಲು ನುಣುಪಲ್ಲ. ಮೊದಮೊದಲು ತುಸು ತೊಡಕು, ಕಾವು ಏರಿದಂತೆ ತಿಳಿ.

ಆಮೇಲೆ ನಾಟಕ. ಗುರುವಿಗೆ ಇಷ್ಟವಿಲ್ಲದಿದ್ದರೂ ಕಂಪನಿ ಸೇರಿದರು, ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರಾದರು, ಬಿರುದೂ ಬಂತು. ಆ ಕಾಲ ಮುಗಿದ ಮೇಲೆ ಕುಂದಗೋಳಕ್ಕೆ ಮರಳಿ ಕಲಿಸತೊಡಗಿದರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಬಂದದ್ದೂ ಒಂದು ತಟ್ಟೆಯ ದೆಸೆಯಿಂದ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿ, 1933ರಲ್ಲಿ ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು, ಗುರುವಿಗಾಗಿ ಊರೂರು ಅಲೆದು, ಕೊನೆಗೆ ನಮ್ಮ ಎರೆನೆಲಕ್ಕೇ ಬಂದು ಸೇರಿದ. ಇಲ್ಲಿ ಅವನಿಗೆ ಮೊದಲು ಸಿಕ್ಕದ್ದು ರಾಗವಲ್ಲ, ನೀರಿನ ಕೊಡ! ಕುಂದಗೋಳದಲ್ಲಿ ನೀರು ಹೊರುವುದೆಂದರೆ ಏನೆಂದು ಇಲ್ಲಿಯವರನ್ನೇ ಕೇಳಬೇಕು. ಉಸಿರಿಗೆ ಅದೂ ಒಂದು ಸಾಧನೆಯೇ ಇರಬೇಕು.

1940ರ ದಶಕದ ಆರಂಭದಲ್ಲಿ ರಾಮಭಾವು ಅವರಿಗೆ ಪಾರ್ಶ್ವವಾಯು ಬಡಿಯಿತು. ಎರಡನೆಯ ಸಲ ಗಂಟಲು ಕೈಬಿಟ್ಟಿತು. ಈ ಸಲ ತಿದ್ದಿಕೊಳ್ಳುವ ವಯಸ್ಸೂ ಇರಲಿಲ್ಲ. ಕಛೇರಿ ನಿಂತಿತು, ಕಲಿಸುವುದು ನಿಲ್ಲಲಿಲ್ಲ. 1946ರಲ್ಲಿ ಪುಣೆಯಲ್ಲಿ ಅವರ ಅರವತ್ತರ ಸಮಾರಂಭ ನಡೆದಾಗ ಹಾಡಿದವರು ಭೀಮಸೇನ. ಗುರು ಕುಳಿತು ಕೇಳಿದರು. ಆ ಹೊತ್ತು ಅವರ ಉಸಿರು ಶಿಷ್ಯನ ಆಲಾಪದ ಜೊತೆ ಏರಿಳಿದಿರಬಹುದೇ? ನನ್ನಂಥ ಕೇಳುಗಳಿಗೇ ಹಾಗಾಗುವುದಾದರೆ ಅವರಿಗೆ ಆಗದೆ ಇದ್ದೀತೇ.

1952ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಭೀಮಸೇನರು ಶುರುಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ಈಗ ದೇಶವೇ ಕಿವಿಗೊಡುತ್ತದೆ. ನಮ್ಮ ಕುಂದಗೋಳದ್ದು ಸಣ್ಣದು. ನಾಡಿಗೇರ ವಾಡೆಯೊಳಗೆ ನೆಲದ ಮೇಲೆ ಕೂತು ಕೇಳುವುದು, ತಂಬೂರಿ ಶ್ರುತಿಗೊಳ್ಳುವಾಗ ಎಲ್ಲರೂ ಸುಮ್ಮನಾಗುವುದು.