ಸಾವಿಗೆ ಅಪ್ಪಣೆ ಕೇಳಿದ ಸಮಂತಭದ್ರರು



ಹಿರಿಯರನ್ನು ನೆನೆಯುವ ಈ ಅಂಕಣದಲ್ಲಿ ಈ ಬಾರಿ ಆಚಾರ್ಯ ಸಮಂತಭದ್ರರ ಬದುಕನ್ನು ಹೇಳುತ್ತೇವೆ. ಹಳಗನ್ನಡ ಕಾವ್ಯ ಓದಿದವರಿಗೆ ಈ ಹೆಸರು ಪರಿಚಿತ. ನಮ್ಮ ಜೈನ ಕವಿಗಳು ಕಾವ್ಯದ ಆರಂಭದಲ್ಲಿ ಗುರುಗಳನ್ನು ಸ್ಮರಿಸುವಾಗ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದ ಎಂದು ಮೂವರನ್ನು ಒಟ್ಟಿಗೆ ಹೇಳುವುದು ವಾಡಿಕೆ. ಪೂಜ್ಯಪಾದರು ತಮ್ಮ ಜೈನೇಂದ್ರ ವ್ಯಾಕರಣದಲ್ಲಿ ಸಮಂತಭದ್ರರ ಹೆಸರು ಹೇಳಿದ್ದಾರೆ. ಜೈನ ಪರಂಪರೆ ಇವರನ್ನು ಕ್ರಿ.ಶ. 2ನೇ ಶತಮಾನದವರೆಂದು ಎಣಿಸುತ್ತದೆ.

ಇವರನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು, ಇವರೂ ನಮ್ಮ ಹಾಗೆ ಎರಡು ನಾಡುಗಳ ನಡುವೆ ಬಾಳಿದವರು. ಎರಡನೆಯದು, ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಆಡುವ ಒಂದು ಮಾತಿಗೆ ಇವರ ಬದುಕಿನಲ್ಲಿ ಉತ್ತರವಿದೆ. ಬದುಕು ಸಾಕಾಯಿತು ಎನ್ನುವವರಿಗೆ ಧರ್ಮ ಏನು ಹೇಳುತ್ತದೆ ಎಂಬುದೇ ಆ ಮಾತು.

ಆಪ್ತಮೀಮಾಂಸೆಯ ಒಂದು ಹಸ್ತಪ್ರತಿಯ ಕೊನೆಯ ಬರಹದಂತೆ ಸಮಂತಭದ್ರರು ಉರಗಪುರದ ಅರಸನ ಮಗ. ಆ ಉರಗಪುರವನ್ನು ಅನೇಕ ವಿದ್ವಾಂಸರು ತಿರುಚ್ಚಿ ಬಳಿಯ ಉರೈಯೂರು ಎಂದು ಗುರುತಿಸಿದ್ದಾರೆ. ಕೊಡಗಿನಲ್ಲಿ ಹುಟ್ಟಿ ಈರೋಡಿನ ಪಕ್ಕದಲ್ಲಿ ಹರಿದು ಹೋಗುವ ಕಾವೇರಿಯ ದಡದ ಊರು ಅದು. ಅರಮನೆ ಬಿಟ್ಟು ದಿಗಂಬರ ದೀಕ್ಷೆ ತೆಗೆದುಕೊಂಡ ಇವರು ತರ್ಕದಲ್ಲಿ ಹೆಸರಾದರು. ಪಾಟಲೀಪುತ್ರ, ಮಾಳವ, ಸಿಂಧು, ಕಾಂಚಿ, ವಿದಿಶೆ, ಕರಹಾಟಕ ಹೀಗೆ ಊರೂರಿಗೆ ಹೋಗಿ ವಾದದ ಭೇರಿ ಹೊಡೆಸಿದರೆಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಹೇಳುತ್ತದೆ.

ಆದರೆ ಜನಮನದಲ್ಲಿ ಉಳಿದಿರುವುದು ಈ ವಾದಗಳ ಗೆಲುವಲ್ಲ, ಅವರ ಕಾಯಿಲೆಯ ಕಥೆ. ಮೈಸೂರು ಸೀಮೆಯ ದೇವಚಂದ್ರ 19ನೇ ಶತಮಾನದಲ್ಲಿ ಕನ್ನಡದಲ್ಲಿ ಬರೆದ ರಾಜಾವಳಿ ಕಥೆಯಲ್ಲಿ ಅದು ಹೀಗೆ ಬರುತ್ತದೆ. ಮಣುವಕಹಳ್ಳಿ ಎಂಬಲ್ಲಿ ತಪಸ್ಸಿನಲ್ಲಿದ್ದಾಗ ಸಮಂತಭದ್ರರಿಗೆ ಭಸ್ಮಕ ರೋಗ ತಗುಲಿತು. ಎಷ್ಟು ಉಂಡರೂ ಹೊಟ್ಟೆಯ ಉರಿ ಆರದ ರೋಗವದು. ದಿಗಂಬರ ಮುನಿಗೆ ದಿನಕ್ಕೆ ಒಂದೇ ಊಟ, ಅದೂ ನಿಂತು ಬೊಗಸೆಯಲ್ಲಿ ಉಣ್ಣಬೇಕು. ವ್ರತ ಉಳಿಸಿಕೊಂಡರೆ ರೋಗ ಕೊಲ್ಲುತ್ತದೆ, ರೋಗಕ್ಕೆ ಉಣಿಸಿದರೆ ವ್ರತ ಕೆಡುತ್ತದೆ. ಬೇರೆ ದಾರಿ ಕಾಣದೆ ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಆಹಾರವನ್ನು ಕ್ರಮವಾಗಿ ಬಿಡುತ್ತ ಶಾಂತವಾಗಿ ದೇಹ ತ್ಯಜಿಸುವುದು ಸಲ್ಲೇಖನ.

ಗುರುಗಳು ಅಪ್ಪಣೆ ಕೊಡಲಿಲ್ಲ. ನಿನಗೆ ಇನ್ನೂ ಆಯುಸ್ಸಿದೆ, ನಿನ್ನಿಂದ ಆಗಬೇಕಾದ ಕೆಲಸವಿದೆ ಎಂದರು. ಸದ್ಯಕ್ಕೆ ಮುನಿವೇಷ ಬಿಡು, ಎಲ್ಲಿ ಅನ್ನ ಸಿಗುತ್ತದೋ ಅಲ್ಲಿಗೆ ಹೋಗಿ ಉಣ್ಣು, ರೋಗ ವಾಸಿಯಾದ ಮೇಲೆ ಬಂದು ಮತ್ತೆ ದೀಕ್ಷೆ ತೆಗೆದುಕೋ ಎಂದು ಹೇಳಿ ಕಳಿಸಿದರು.

ಇಡೀ ಕಥೆಯ ತಿರುಳು ಇದೇ ಎಂದು ನಮಗೆ ಅನಿಸುತ್ತದೆ. ಮುನಿಗೆ ದೀಕ್ಷೆಗಿಂತ ದೊಡ್ಡ ಮಾನ ಇನ್ನೊಂದಿಲ್ಲ. ಆ ಮಾನವನ್ನೇ ಸ್ವಲ್ಪ ಕಾಲ ಕೆಳಗಿಡು, ಜೀವವನ್ನು ಇಡಬೇಡ ಎಂದು ಗುರುಗಳು ಹೇಳಿದರು. ಬರಿಯ ಬುದ್ಧಿಮಾತು ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಹೋಗಲು ದಾರಿ ತೋರಿಸಿದರು, ತಿರುಗಿ ಬರಲು ಬಾಗಿಲನ್ನೂ ತೆರೆದಿಟ್ಟರು.

ಸಮಂತಭದ್ರರು ವೇಷ ಮರೆಸಿಕೊಂಡು ಕಾಂಚಿಗೆ ಹೋದರು. ಅಲ್ಲಿ ಶಿವಕೋಟಿ ಎಂಬ ಅರಸನ ಭೀಮಲಿಂಗ ದೇಗುಲದಲ್ಲಿ ದಿನವೂ ಖಂಡುಗಗಟ್ಟಲೆ ಅಕ್ಕಿಯ ನೈವೇದ್ಯ ನಡೆಯುತ್ತಿತ್ತು. ಅದನ್ನು ದೇವರಿಗೇ ಉಣಿಸುತ್ತೇನೆಂದು ಒಪ್ಪಿಸಿ, ಬಾಗಿಲು ಮುಚ್ಚಿಕೊಂಡು ತಾವೇ ಉಂಡರು. ದಿನ ಕಳೆದಂತೆ ರೋಗ ಇಳಿಯಿತು, ಅನ್ನ ಮಿಗತೊಡಗಿತು, ಅರಸನಿಗೆ ಅನುಮಾನ ಬಂತು. ಲಿಂಗಕ್ಕೆ ನಮಸ್ಕರಿಸು ಎಂದಾಗ ಅವರು 24 ತೀರ್ಥಂಕರರ ಸ್ತುತಿಗೆ ತೊಡಗಿದರು. 8ನೆಯವರಾದ ಚಂದ್ರಪ್ರಭರ ಸ್ತುತಿಗೆ ಬರುವಷ್ಟರಲ್ಲಿ ಚಂದ್ರಪ್ರಭರ ಬಿಂಬ ಕಾಣಿಸಿತೆಂದೂ, ಅರಸ ಶಿಷ್ಯನಾದನೆಂದೂ ಕಥೆ ಮುಗಿಯುತ್ತದೆ. ಆ ಸ್ತುತಿಯೇ ಸ್ವಯಂಭೂ ಸ್ತೋತ್ರ ಎಂಬ ನಂಬಿಕೆಯಿದೆ. ಬೇರೆ ಕಥಾಕೋಶಗಳಲ್ಲಿ ಕಾಂಚಿಯ ಬದಲು ಕಾಶಿಯ ಹೆಸರು ಬರುತ್ತದೆ. ಪವಾಡವನ್ನು ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಜೈನ ಮುನಿಯ ಜೀವ ಉಳಿಸಿದ್ದು ಶಿವನ ಗುಡಿಯ ಅನ್ನ ಎಂಬುದನ್ನು ಮಾತ್ರ, ಎಲ್ಲ ಮತದವರೂ ಇರುವ ನಮ್ಮ ಬಳಗ ಗಮನಿಸಬೇಕು.

ಗುಣವಾದ ಮೇಲೆ ಸಮಂತಭದ್ರರು ಮತ್ತೆ ದೀಕ್ಷೆ ಪಡೆದರು. ಆಪ್ತಮೀಮಾಂಸೆ, ಯುಕ್ತ್ಯನುಶಾಸನ, ಸ್ತುತಿವಿದ್ಯೆ, ರತ್ನಕರಂಡಕ ಶ್ರಾವಕಾಚಾರ ಅವರ ಹೆಸರಿನಲ್ಲಿವೆ. 114 ಶ್ಲೋಕಗಳ ಆಪ್ತಮೀಮಾಂಸೆಗೆ ಅಕಲಂಕರೂ ವಿದ್ಯಾನಂದರೂ ದೊಡ್ಡ ವ್ಯಾಖ್ಯಾನಗಳನ್ನು ಬರೆದರು. ತನಗೆ ನೋವು ಕೊಟ್ಟುಕೊಂಡ ಮಾತ್ರಕ್ಕೆ ಪುಣ್ಯ ಬರುವುದಿಲ್ಲ, ಸುಖಪಟ್ಟ ಮಾತ್ರಕ್ಕೆ ಪಾಪ ಬರುವುದಿಲ್ಲ, ಮನಸ್ಸು ತಿಳಿಯಾಗಿತ್ತೋ ಕಲಕಿತ್ತೋ ಎಂಬುದೇ ಮುಖ್ಯ ಎಂದು ಅವರು ಅಲ್ಲಿ ವಾದಿಸುತ್ತಾರೆ.

ಗೃಹಸ್ಥರಿಗಾಗಿ ಬರೆದ 150 ಶ್ಲೋಕಗಳ ರತ್ನಕರಂಡಕದಲ್ಲಿ ಸಲ್ಲೇಖನದ ನಿಯಮಗಳಿವೆ. ಪರಿಹಾರವೇ ಇಲ್ಲದ ವಿಪತ್ತು, ಬರಗಾಲ, ಮುಪ್ಪು, ರೋಗ ಬಂದಾಗ ಮಾತ್ರ ಅದಕ್ಕೆ ಅವಕಾಶ. ಮೊದಲು ದ್ವೇಷ, ಮೋಹ ಬಿಡಬೇಕು. ಬಂಧುಗಳನ್ನು ಕ್ಷಮಿಸಿ ಅವರಿಂದ ಕ್ಷಮೆ ಕೇಳಬೇಕು. ಶೋಕ, ಭಯ, ಖಿನ್ನತೆಗಳನ್ನು ಕಳೆದುಕೊಂಡಿರಬೇಕು. ಇಷ್ಟಾದ ಮೇಲೂ ಬದುಕಬೇಕೆಂಬ ಹಂಬಲ ಹೇಗೆ ದೋಷವೋ ಬೇಗ ಸಾಯಬೇಕೆಂಬ ಹಂಬಲವೂ ಹಾಗೆಯೇ ದೋಷ. ಪುಣ್ಯ ಬರುತ್ತದೆಂದು ಬೆಟ್ಟದಿಂದ ಬೀಳುವುದನ್ನೂ ಬೆಂಕಿಗೆ ಬೀಳುವುದನ್ನೂ ಇದೇ ಗ್ರಂಥ ಲೋಕಮೂಢತೆ ಎಂದು ತಳ್ಳಿಹಾಕುತ್ತದೆ. ಸಾಯುವ ಕ್ರಮವನ್ನು ಬರೆದ ಈ ಗುರು, ಒಮ್ಮೆ ಸಾವನ್ನು ಬೇಡಿ ಬರಿಗೈಯಲ್ಲಿ ಹಿಂದಿರುಗಿ ಬದುಕಿದವರು ಎಂಬುದನ್ನು ನೆನೆದು ಓದಿದರೆ ಈ ಕಟ್ಟುನಿಟ್ಟು ಅರ್ಥವಾಗುತ್ತದೆ.

ಬಹು ದೂರದ ದೇಶದಲ್ಲಿ, 1818ರಲ್ಲಿ, ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹೌವರ್ ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಡಿಸಿದರು. ಆತ್ಮಹತ್ಯೆಗೆ ಹೊರಟವನಿಗೆ ಬದುಕು ಬೇಡವಾಗಿರುವುದಿಲ್ಲ, ಬದುಕು ಬೇಕೇ ಇರುತ್ತದೆ, ತನಗೆ ಬಂದಿರುವ ಪರಿಸ್ಥಿತಿ ಮಾತ್ರ ಬೇಡವಾಗಿರುತ್ತದೆ ಎಂಬುದು ಅವರ ಅಭಿಪ್ರಾಯ. ಸಮಂತಭದ್ರರ ಗುರುಗಳು ಮಾಡಿದ್ದೂ ಅದನ್ನೇ. ಬದುಕನ್ನು ಉಳಿಸಿ ಪರಿಸ್ಥಿತಿಯನ್ನು ಬದಲಿಸಿದರು.

ಸಲ್ಲೇಖನವೇ ಆತ್ಮಹತ್ಯೆಯೇ ಎಂಬ ಚರ್ಚೆ ನ್ಯಾಯಾಲಯಕ್ಕೂ ಹೋಗಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದು ಪರಿಗಣಿಸಬೇಕೆಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಆ ವಾದದಲ್ಲಿ ಯಾರು ಯಾವ ಪಕ್ಷ ಹಿಡಿದರೂ ಒಂದು ಮಾತು ಸ್ಪಷ್ಟ. ದುಃಖದಿಂದ, ಸಾಲದಿಂದ, ಅವಮಾನದಿಂದ ಸಾವನ್ನು ಬಯಸುವವರಿಗೆ ಸಮಂತಭದ್ರರ ಪುಸ್ತಕದಲ್ಲಿ ಒಪ್ಪಿಗೆಯಿಲ್ಲ. ಹಾಗೆಂದು ಅಂಥವರನ್ನು ಪಾಪಿ, ಹೇಡಿ ಎನ್ನುವ ಹಕ್ಕೂ ನಮಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ.

ನಮ್ಮ ಬಳಗದ ಹಲವು ಮನೆಗಳು ಮಗ್ಗ, ನೂಲು, ಬಣ್ಣ, ಬನಿಯನ್ ಕೆಲಸವನ್ನು ನಂಬಿಕೊಂಡಿವೆ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ತಿರುಪ್ಪೂರಿನ ಬಣ್ಣದ ಘಟಕಗಳು ಮುಚ್ಚಿದಾಗ ಎಷ್ಟು ಮನೆಗಳ ಒಲೆ ತಣ್ಣಗಾಯಿತೆಂದು ಕಂಡವರು ನಮ್ಮಲ್ಲಿದ್ದಾರೆ. ಅಂಥ ಹೊತ್ತಿನಲ್ಲಿ ಅಂಗಡಿ ಮುಚ್ಚಿದ, ಮದುವೆ ಮುಂದೂಡಿದ, ಮಗುವಿನ ಶಾಲೆ ಬದಲಿಸಿದ ಮನೆಯನ್ನು ನಾವು ಹೇಗೆ ನೋಡುತ್ತೇವೆ ಎಂಬುದೂ ಮುಖ್ಯ. ಮಾನವನ್ನು ಸ್ವಲ್ಪ ಕಾಲ ಕೆಳಗಿಟ್ಟು ಬದುಕಿಕೊಂಡವರನ್ನು ನಗದೆ ಮತ್ತೆ ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಗುರುಗಳು ಹಾಕಿಕೊಟ್ಟ ಕ್ರಮ.

ತಿರುಪ್ಪೂರಿನಿಂದ ಈರೋಡಿಗೆ ರೈಲಿನಲ್ಲಿ ಹೋಗುವಾಗ ಊತ್ತುಕುಳಿ ದಾಟಿದ ಮೇಲೆ ವಿಜಯಮಂಗಲಂ ಬರುತ್ತದೆ. ಅಲ್ಲಿನ ಹಳೆಯ ಬಸದಿ ಚಂದ್ರಪ್ರಭರದು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿ ಪುಳ್ಳಪ್ಪೈಯ ನಿಸಿಧಿಯೂ ಅಲ್ಲಿದೆ. ಬಿಡುವಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ನಿಸಿಧಿ ತೋರಿಸುವಾಗ ಅಪ್ಪಣೆ ಸಿಗದೆ ಬದುಕಿದ ಸಮಂತಭದ್ರರ ಕಥೆಯನ್ನೂ ಹೇಳಿ.

ನಿಮಗಾಗಲಿ, ನಿಮ್ಮ ಮನೆಯವರಿಗಾಗಲಿ ಬದುಕು ಭಾರವೆನಿಸಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಉಚಿತವಾಗಿ ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಬಳಗದ ಯಾರ ಮನೆಯ ಬಾಗಿಲನ್ನಾದರೂ ತಟ್ಟಿ. ಹೊತ್ತುಗೊತ್ತು ನೋಡಬೇಕಿಲ್ಲ.